ಮಗಳ ಊಟದ ಕಾಯಿಲೆ ಮತ್ತು ಖಿನ್ನತೆ: ಯಾವುದರಿಂದ ಯಾವುದು ಬಂತು?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ. ನನ್ನ 19 ವರ್ಷದ ಮಗಳ ಆರೋಗ್ಯದ ವಿಷಯವಾಗಿ ಬರೆಯುತ್ತಿದ್ದೇನೆ. ನೆಂಟರಿಷ್ಟರಲ್ಲಿ ಯಾರ ಬಳಿಯೂ ಇದನ್ನು ಪೂರ್ತಿಯಾಗಿ ಹೇಳಿಕೊಳ್ಳಲಾಗಿಲ್ಲ. ಹಾಗಾಗಿ ಬರಹ ಉದ್ದವಾದರೆ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ದ್ವಿತೀಯ ಪಿಯುಸಿ ಮುಗಿಸಿ ಮೈಸೂರಿನಲ್ಲಿ ಕಾಲೇಜಿಗೆ ಸೇರಿ ಹಾಸ್ಟೆಲ್‌ನಲ್ಲಿ ಇರತೊಡಗಿದ ಮೇಲೆ ಅವಳು ಮೊದಲು ಸಿಹಿ ಬಿಟ್ಟಳು, ಆಮೇಲೆ ಕರಿದ ತಿಂಡಿ, ಆಮೇಲೆ ಅನ್ನ, ಕೊನೆಗೆ ರಾತ್ರಿಯ ಊಟವನ್ನೇ ಬಿಟ್ಟಳು. ದಸರೆಗೆ ಮನೆಗೆ ಬಂದಾಗ ಎಲ್ಲರೂ "ತೆಳ್ಳಗಾಗಿ ಎಷ್ಟು ಲಕ್ಷಣವಾಗಿ ಕಾಣ್ತಿದ್ದೀಯೆ" ಎಂದು ಹೊಗಳಿದರು. ನಾನೂ ಹೊಗಳಿದೆ, ಅದನ್ನು ನೆನೆದರೆ ಈಗ ಕರುಳು ಹಿಂಡಿದಂತಾಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಅವಳ ನಗು ಅಡಗಿಹೋಗಿತ್ತು. ಏಳು ವರ್ಷ ಕಲಿತ ವೀಣೆಯನ್ನು ಮುಟ್ಟಲಿಲ್ಲ, ಗೆಳತಿಯರ ಫೋನು ಬಂದರೆ ಎತ್ತಲಿಲ್ಲ, ಬೇಸಿಗೆಯ ಸೆಕೆಯಲ್ಲೂ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದಳು. ಗಂಟೆಗಟ್ಟಲೆ ಅಡುಗೆಯ ವಿಡಿಯೊಗಳನ್ನು ನೋಡುತ್ತ, ನಮಗೆಲ್ಲ ಒಬ್ಬಟ್ಟು ತಟ್ಟಿ, ಕೇಕು ಮಾಡಿ ಬಡಿಸಿ, ತಾನು ಮಾತ್ರ ಒಂದು ಚೂರೂ ಬಾಯಿಗೆ ಹಾಕುತ್ತಿರಲಿಲ್ಲ. ಮುಟ್ಟು ನಿಂತು ಹಲವು ತಿಂಗಳಾಗಿದೆಯೆಂಬುದು ನನಗೆ ತಿಳಿದದ್ದು ತೀರ ತಡವಾಗಿ.

ಮನೆಯ ಹತ್ತಿರದ ವೈದ್ಯರೊಬ್ಬರು ಸ್ವಲ್ಪ ಹೊತ್ತು ಮಾತನಾಡಿಸಿ, ಇದು ಖಿನ್ನತೆ, ಖಿನ್ನತೆ ಇಳಿದರೆ ಹಸಿವು ತಾನಾಗಿ ಬರುತ್ತದೆ ಎಂದು ಮಾತ್ರೆ ಬರೆದುಕೊಟ್ಟರು. ಎರಡು ತಿಂಗಳು ನುಂಗಿದರೂ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಕಳೆದ ವಾರ ಅವಳ ರೂಮ್‌ಮೇಟ್ ನನಗೆ ಫೋನ್ ಮಾಡಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಒಂದೇ ಸಮನೆ ತಿಂದು, ಆಮೇಲೆ ವಾಂತಿ ಮಾಡಿಕೊಂಡು, ಅಳುತ್ತ ಕೂರುತ್ತಾಳೆ ಎಂದು ತಿಳಿಸಿದಳು. ವಾಂತಿಯ ವಿಷಯ ಆ ವೈದ್ಯರಿಗೆ ಗೊತ್ತಿಲ್ಲ, ಏಕೆಂದರೆ ಆಗ ನಮಗೇ ಗೊತ್ತಿರಲಿಲ್ಲ. ಈಗ ಅವಳನ್ನು ಮನೆಗೆ ಕರೆತಂದಿದ್ದೇವೆ.

ನನ್ನ ಇನ್ನೊಂದು ಭಯವೆಂದರೆ, ನನ್ನ ತಮ್ಮನಿಗೆ, ಅಂದರೆ ಅವಳ ಸೋದರಮಾವನಿಗೆ, ಖಿನ್ನತೆಯೂ ಅತಿ ಹುಮ್ಮಸ್ಸಿನ ಉನ್ಮಾದವೂ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆಯಿದ್ದು, ಅದಕ್ಕೆ ಹದಿನೈದು ವರ್ಷಗಳಿಂದ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಅದೇ ಕಾಯಿಲೆ ಇವಳಲ್ಲಿ ಬೇರೆ ರೂಪದಲ್ಲಿ ಕಾಣಿಸಿಕೊಂಡಿದೆಯೇ? ಖಿನ್ನತೆಯಿಂದ ಊಟ ಕೆಟ್ಟಿತೇ, ಊಟ ಕೆಟ್ಟದ್ದರಿಂದ ಖಿನ್ನತೆ ಬಂತೇ? ಮೊದಲು ಯಾವುದಕ್ಕೆ ಚಿಕಿತ್ಸೆ ಕೊಡಿಸಬೇಕು? ಅತ್ತೆಯವರು ಇದು ವಯಸ್ಸಿನ ಹಟ, ಮದುವೆಯಾದರೆ ಸರಿಹೋಗುತ್ತದೆ ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುತ್ತಿಲ್ಲ. ತಿಳಿದವರು ದಯವಿಟ್ಟು ಬರೆಯಿರಿ.

ನಿವೃತ್ತ ಮನೋವೈದ್ಯ

ತಾಯಿ, ನಿಮ್ಮ ಪ್ರಶ್ನೆಗಳಿಗೆ ಉತ್ತರಿಸುವ ಮುಂಚೆ ನಾಳೆಯೇ ಆಗಬೇಕಾದ ಒಂದು ಕೆಲಸವನ್ನು ಹೇಳಿಬಿಡುತ್ತೇನೆ. ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ವಾಂತಿಯ ವಿಷಯವನ್ನೂ ನಿಮ್ಮ ತಮ್ಮನ ಕಾಯಿಲೆಯ ವಿಷಯವನ್ನೂ ತಿಳಿಸಿ, ಮಾತ್ರೆಯ ಹೆಸರನ್ನು ಓದಿ ಹೇಳಿ. ಖಿನ್ನತೆಗೆ ಕೊಡುವ ಔಷಧಗಳಲ್ಲಿ ಬ್ಯುಪ್ರೊಪಿಯಾನ್ ಎಂಬುದನ್ನು ಊಟ ಬಿಡುತ್ತ ತೂಕ ತೀರ ಇಳಿಸಿಕೊಳ್ಳುವ ಅನೊರೆಕ್ಸಿಯಾ ಅಥವಾ ಮಿತಿಮೀರಿ ತಿಂದು ವಾಂತಿ ಮಾಡಿಕೊಳ್ಳುವ ಬುಲೀಮಿಯಾ ಇರುವವರಿಗೆ ಕೊಡಬಾರದು. ಅಂಥವರಲ್ಲಿ ಅದರಿಂದ ಫಿಟ್ಸ್ ಬರುವ ಅಪಾಯ ಹೆಚ್ಚು. ಮನೆತನದಲ್ಲಿ ಬೈಪೋಲಾರ್ ಇರುವುದು ಗೊತ್ತಿದ್ದರೆ, ಖಿನ್ನತೆಯ ಮಾತ್ರೆಯಿಂದ ಉನ್ಮಾದ ಕೆರಳುತ್ತಿದೆಯೇ ಎಂದು ವೈದ್ಯರು ಕಣ್ಣಿಟ್ಟು ನೋಡುತ್ತಾರೆ. ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಜೊತೆಗೆ ರಕ್ತದಲ್ಲಿ ಪೊಟ್ಯಾಸಿಯಂ ಮಟ್ಟದ ಪರೀಕ್ಷೆ ಮತ್ತು ಒಂದು ಇಸಿಜಿ ಆಗಲೇಬೇಕು. ಪದೇ ಪದೇ ವಾಂತಿಯಾದರೆ ಪೊಟ್ಯಾಸಿಯಂ ಇಳಿಯುತ್ತದೆ, ಅದು ಇಳಿದರೆ ಹೃದಯದ ಬಡಿತ ತಪ್ಪುತ್ತದೆ, ಹೊರಗಿನಿಂದ ನೋಡಿದವರಿಗೆ ಹುಡುಗಿ ಚೆನ್ನಾಗಿಯೇ ಇದ್ದಂತೆ ಕಾಣಬಹುದು.

ಈಗ ನೀವು ಕೇಳಿದ ಮುಖ್ಯ ಮಾತಿಗೆ ಬರುತ್ತೇನೆ. ನಿಮ್ಮ ಬರಹದಲ್ಲಿ ನನ್ನ ಗಮನ ನೇರವಾಗಿ ಹೋದದ್ದು ಆ ಅಡುಗೆಯ ವಿಡಿಯೊಗಳ ಕಡೆಗೆ, ಒಬ್ಬಟ್ಟಿನ ಕಡೆಗೆ ಮತ್ತು ಬೇಸಿಗೆಯ ಸ್ವೆಟರಿನ ಕಡೆಗೆ. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿನಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ನಡೆಸಿದರು. ಬರಗಾಲಕ್ಕೆ ಸಿಕ್ಕಿದ ಯುರೋಪಿನ ಜನರನ್ನು ಮತ್ತೆ ಉಣ್ಣಿಸಿ ಬದುಕಿಸುವುದು ಹೇಗೆಂದು ತಿಳಿಯುವುದು ಅದರ ಉದ್ದೇಶವಾಗಿತ್ತು. ಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪದ 36 ಮಂದಿ ಯುವಕರು ಸ್ವಇಚ್ಛೆಯಿಂದ ಅದಕ್ಕೆ ಸೇರಿದರು. ದೇಹದಲ್ಲೂ ಮನಸ್ಸಿನಲ್ಲೂ ಗಟ್ಟಿಯಾಗಿದ್ದಾರೆಂದು ಪರೀಕ್ಷಿಸಿಯೇ ಅವರನ್ನು ಆರಿಸಲಾಗಿತ್ತು. 1945ರಲ್ಲಿ 24 ವಾರಗಳ ಕಾಲ ಅವರಿಗೆ ಮುಂಚಿನ ಊಟದ ಅರ್ಧದಷ್ಟು ಮಾತ್ರ ಕೊಟ್ಟು, ಪ್ರತಿಯೊಬ್ಬರ ತೂಕವೂ ಸುಮಾರು ಕಾಲುಭಾಗ ಇಳಿಯುವಂತೆ ಮಾಡಲಾಯಿತು.

ಆ ಯುವಕರಿಗೆ ತೆಳ್ಳಗಾಗುವ ಆಸೆಯಿರಲಿಲ್ಲ, ಯಾರೂ ಅವರ ಮೈಕಟ್ಟನ್ನು ಹೊಗಳಿರಲಿಲ್ಲ. ಆದರೂ ವಾರಗಳು ಕಳೆದಂತೆ ಅವರು ಮಂಕಾದರು, ಸಣ್ಣ ಮಾತಿಗೂ ಸಿಡುಕಿದರು, ಗೆಳೆಯರಿಂದ ದೂರ ಸರಿದರು, ಹಿಂದೆ ಇಷ್ಟಪಡುತ್ತಿದ್ದ ಯಾವುದರಲ್ಲೂ ಅವರಿಗೆ ಆಸಕ್ತಿ ಉಳಿಯಲಿಲ್ಲ, ಬೇಸಿಗೆಯಲ್ಲೂ ಚಳಿಯೆಂದರು. ಅಡುಗೆ ಪುಸ್ತಕಗಳನ್ನು ಸಂಗ್ರಹಿಸಿ ಓದಿದರು, ತಟ್ಟೆಯಲ್ಲಿದ್ದ ಸ್ವಲ್ಪವನ್ನೇ ಗಂಟೆಗಟ್ಟಲೆ ಎಳೆದು ತಿಂದರು. ಕೆಲವರು ನಿಯಮ ಮುರಿದು ಹೊರಗೆ ಹೋಗಿ ಮಿತಿಯಿಲ್ಲದೆ ತಿಂದು, ಆಮೇಲೆ ತಮ್ಮನ್ನೇ ಹಳಿದುಕೊಂಡರು. ಊಟ ಹೆಚ್ಚಿಸತೊಡಗಿದ ಮೇಲೂ ಮನಸ್ಸು ಕೂಡಲೇ ಚೇತರಿಸಲಿಲ್ಲ. ಆರಂಭದ ವಾರಗಳಲ್ಲಿ ಕೆಲವರ ಬೇಸರ ಇನ್ನೂ ಹೆಚ್ಚಾಯಿತು. 1950ರಲ್ಲಿ ಈ ವಿವರಗಳೆಲ್ಲ ಎರಡು ದೊಡ್ಡ ಸಂಪುಟಗಳಲ್ಲಿ ಪ್ರಕಟವಾದವು. ನಾನು ವಿದ್ಯಾರ್ಥಿಯಾಗಿದ್ದಾಗ ಅವುಗಳ ಒಂದು ಅಧ್ಯಾಯವನ್ನು ಗ್ರಂಥಾಲಯದಲ್ಲಿ ಕುಳಿತು ಓದಿದೆ. ಅಲ್ಲಿಂದ ಮುಂದೆ ಖಿನ್ನತೆಯೆಂದು ಬಂದ ಯಾವ ರೋಗಿಯನ್ನೂ ಊಟದ ಬಗ್ಗೆ ವಿಚಾರಿಸದೆ ಕಳುಹಿಸಿಲ್ಲ.

ಹಸಿವೇ ಮನಸ್ಸನ್ನು ಖಿನ್ನತೆಗೆ ದೂಡಬಲ್ಲದು. ಇದರಿಂದ ನಿಮ್ಮ ಮಗಳ ಖಿನ್ನತೆ ಹುಸಿಯೆಂದಾಗಲಿ, ಅವಳು ಅನುಭವಿಸುತ್ತಿರುವ ನೋವು ಕಡಿಮೆಯೆಂದಾಗಲಿ ಅರ್ಥವಲ್ಲ. ಅರೆಹೊಟ್ಟೆಯಲ್ಲಿರುವ ಮಿದುಳಿಗೆ ಕೊಟ್ಟ ಖಿನ್ನತೆಯ ಮಾತ್ರೆ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ ಎಂಬುದಷ್ಟೇ ಇದರ ಅರ್ಥ. ತೂಕ ತೀರ ಇಳಿದಿರುವವರಲ್ಲಿ ಈ ಔಷಧಗಳಿಂದ ಹೆಚ್ಚಿನ ಪ್ರಯೋಜನ ಕಂಡುಬಂದಿಲ್ಲ. ಇದಕ್ಕೆ ಕೊಡುವ ಒಂದು ವಿವರಣೆ ಹೀಗಿದೆ: ಈ ಮಾತ್ರೆಗಳಲ್ಲಿ ಬಹುಪಾಲು ಸಿರೊಟೋನಿನ್ ಎಂಬ ರಾಸಾಯನಿಕದ ಮೂಲಕ ಕೆಲಸ ಮಾಡುತ್ತವೆ, ಸಿರೊಟೋನಿನ್ ತಯಾರಾಗುವುದು ಟ್ರಿಪ್ಟೊಫಾನ್ ಎಂಬ ಅಂಶದಿಂದ, ಆ ಅಂಶ ದೇಹಕ್ಕೆ ಬರುವ ದಾರಿ ಊಟವೊಂದೇ. "ಖಿನ್ನತೆ ಇಳಿದರೆ ಹಸಿವು ಬರುತ್ತದೆ" ಎಂಬ ಮಾತು ಖಿನ್ನತೆಯಿಂದ ಹಸಿವು ಸತ್ತವರ ಮಟ್ಟಿಗೆ ನಿಜ. ನಿಮ್ಮ ಮಗಳಿಗೆ ಹಸಿವು ಸತ್ತಿಲ್ಲ. ಅವಳು ಅದರೊಡನೆ ಹಗಲಿರುಳು ಸೆಣಸುತ್ತಿದ್ದಾಳೆ. ಖಿನ್ನತೆಯಲ್ಲಿ ಮಾತ್ರ ಇರುವವರಿಗೆ ಅಡುಗೆಯ ಮಾತೇ ಬೇಡವಾಗಿರುತ್ತದೆ, ಎದುರಿಗೆ ಹೋಳಿಗೆಯಿಟ್ಟರೂ ರುಚಿ ತಿಳಿಯುವುದಿಲ್ಲ, ತೂಕ ಇಳಿದರೆ ಅವರಿಗೆ ಅದು ಸಮಾಧಾನ ಕೊಡುವುದಿಲ್ಲ. ಇಲ್ಲಿ ಹಾಗಲ್ಲ ಎಂಬುದನ್ನು ನೀವೇ ಬರೆದಿದ್ದೀರಿ.

ಎಲ್ಲ ಖಿನ್ನತೆಯೂ ಹಸಿವಿನಿಂದಲೇ ಬರುತ್ತದೆ ಎಂದೂ ಹೇಳಲಾಗದು. ಅಮೆರಿಕದಲ್ಲಿ ಮನೆಮನೆಗೆ ಹೋಗಿ ನಡೆಸಿದ, 2007ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ಖಿನ್ನತೆ ಅಥವಾ ಬೈಪೋಲಾರ್ ಗುಂಪಿನ ಯಾವುದಾದರೊಂದು ಕಾಯಿಲೆ ಜೀವನದಲ್ಲಿ ಒಮ್ಮೆಯಾದರೂ ಬಂದುಹೋದವರು ಅನೊರೆಕ್ಸಿಯಾ ಆಗಿದ್ದವರಲ್ಲಿ ಸುಮಾರು 42%, ಬುಲೀಮಿಯಾ ಆಗಿದ್ದವರಲ್ಲಿ ಸುಮಾರು 71%, ವಾಂತಿಯಿಲ್ಲದೆ ಮಿತಿಮೀರಿ ತಿನ್ನುವ ಬಿಂಜ್ ಈಟಿಂಗ್ ಇದ್ದವರಲ್ಲಿ ಸುಮಾರು 46%. ಈ ಮೂರನೆಯ ಗುಂಪಿನವರ ತೂಕ ಸಾಮಾನ್ಯವಾಗಿ ಕಡಿಮೆಯಿರುವುದಿಲ್ಲ; ಅವರ ಖಿನ್ನತೆಗೆ ಉಪವಾಸವೇ ಕಾರಣವೆನ್ನಲು ಬರುವುದಿಲ್ಲ. ಕೆಲವರಿಗೆ ಬಾಲ್ಯದಿಂದಲೇ ಆತಂಕವೋ ಖಿನ್ನತೆಯೋ ಇದ್ದು, ಊಟವನ್ನು ಹಿಡಿತದಲ್ಲಿಡುವುದು ಅದನ್ನು ತಡೆದುಕೊಳ್ಳುವ ಉಪಾಯವಾಗಿ ಶುರುವಾಗಿರುತ್ತದೆ. 1980ರ ದಶಕದಲ್ಲಿ ಕೆಲವು ತಜ್ಞರು ಬುಲೀಮಿಯಾ ಎಂಬುದು ಖಿನ್ನತೆಯದೇ ಇನ್ನೊಂದು ರೂಪ ಎಂದು ವಾದಿಸಿದ್ದರು. ಆ ವಾದ ನಿಲ್ಲಲಿಲ್ಲವೆಂದೇ ನನ್ನ ಅಭಿಪ್ರಾಯ. ಬುಲೀಮಿಯಾಕ್ಕೆ ಫ್ಲುಓಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಸಹಾಯ ಮಾಡುವುದು ನಿಜ; ಆದರೆ ಖಿನ್ನತೆಗೆ ಸಾಮಾನ್ಯವಾಗಿ 20 ಮಿಲಿಗ್ರಾಂ ಸಾಕಾಗುವಲ್ಲಿ ಬುಲೀಮಿಯಾಕ್ಕೆ 60 ಮಿಲಿಗ್ರಾಂ ಬೇಕಾಗುತ್ತದೆ, ಖಿನ್ನತೆಯೇ ಇಲ್ಲದ ಬುಲೀಮಿಯಾ ರೋಗಿಗಳಿಗೂ ಅದರಿಂದ ಗುಣ ಕಾಣುತ್ತದೆ. ಎರಡೂ ಒಂದೇ ಕಾಯಿಲೆಯಾಗಿದ್ದರೆ ಹೀಗಾಗುತ್ತಿರಲಿಲ್ಲ.

ಆದ್ದರಿಂದ ಯಾವುದು ಮೊದಲು ಬಂತೆಂಬ ಲೆಕ್ಕ ಮುಗಿಯುವವರೆಗೆ ಚಿಕಿತ್ಸೆಯನ್ನು ಕಾಯಿಸಬೇಡಿ. ಈಗ ಹೊತ್ತುಹೊತ್ತಿಗೆ ಊಟ, ವಾಂತಿ ನಿಲ್ಲಿಸುವ ಪ್ರಯತ್ನ, ಅದರೊಂದಿಗೆ ಮಾತಿನ ಚಿಕಿತ್ಸೆ ನಡೆಯಲಿ. ದೇಹ ಚೇತರಿಸಿಕೊಂಡ ಮೇಲೂ ಮಂಕು ಹಾಗೆಯೇ ಉಳಿದರೆ ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು. ಸಾಯುವ ಯೋಚನೆ ಬಂದಿದೆಯೇ ಎಂದು ಅವಳನ್ನೇ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಅನೊರೆಕ್ಸಿಯಾದಿಂದ ಬಳಲಿ ತೀರಿಕೊಂಡವರಲ್ಲಿ ಐವರಿಗೆ ಒಬ್ಬರ ಸಾವು ಆತ್ಮಹತ್ಯೆಯಾಗಿತ್ತು. ಮಗಳು ಬಂದಿದೆ ಎಂದರೆ ಹೊರರೋಗಿ ವಿಭಾಗದ ಸರದಿಗಾಗಿ ಕಾಯದೆ ತುರ್ತು ವಿಭಾಗಕ್ಕೇ ಕರೆದೊಯ್ಯಿರಿ. ರಾತ್ರಿ ಹೊತ್ತಿನಲ್ಲಿ ಏನೂ ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತವಾಗಿ, ದಿನದ 24 ಗಂಟೆಯೂ, ಕನ್ನಡದಲ್ಲೇ ಮಾತನಾಡಬಹುದು.

ಬಸವನಗುಡಿ ಓದುಗಿ

ಅಕ್ಕ, ನಿಮ್ಮ ಬರಹ ಓದಿ ಎರಡು ದಿನ ಉತ್ತರಿಸಲಾಗಲಿಲ್ಲ, ಏಕೆಂದರೆ ನಿಮ್ಮ ಮಗಳ ಜಾಗದಲ್ಲಿ ನಾನು ಇದ್ದೆ. ಈಗ ನನಗೆ 34 ವರ್ಷ, ಬ್ಯಾಂಕಿನಲ್ಲಿ ಕೆಲಸ, ಆರೋಗ್ಯವಾಗಿದ್ದೇನೆ. ವೈದ್ಯರು ಹೇಳಿದ್ದನ್ನು ನಾನು ಒಪ್ಪುತ್ತೇನೆ. ಒಳಗಿನಿಂದ ಅದು ಹೇಗಿರುತ್ತದೆಂಬುದನ್ನು ಮಾತ್ರ ಸೇರಿಸಬಯಸುತ್ತೇನೆ.

ನನಗೆ ಹದಿನೇಳನೆಯ ವಯಸ್ಸಿನಲ್ಲಿ, ಅಪ್ಪ ತೀರಿಕೊಂಡ ವರ್ಷ, ಮೊದಲು ಬಂದದ್ದು ಖಿನ್ನತೆ. ಊಟ ಬಿಟ್ಟ ಆರಂಭದ ವಾರಗಳಲ್ಲಿ ಆ ಮಂಕು ಕವಿದ ಮನಸ್ಸಿಗೆ ಒಂದು ಬಗೆಯ ಹಗುರತೆ ಬಂತು. ಮೈ ಹಗುರ, ತಲೆ ಚುರುಕು, ನಿದ್ದೆಯಿಲ್ಲದಿದ್ದರೂ ಓದಬಲ್ಲೆನೆಂಬ ಹುಮ್ಮಸ್ಸು. ಬೇರೆ ಯಾವುದೂ ನನ್ನ ಕೈಯಲ್ಲಿಲ್ಲದಿದ್ದಾಗ ತಟ್ಟೆಯೊಂದು ನನ್ನ ಕೈಯಲ್ಲಿದೆ ಅನ್ನಿಸುತ್ತಿತ್ತು. ಈ ಮೊದಲ ಸುಖವನ್ನು ಯಾರಾದರೂ ಗುರುತಿಸಿ ಮಾತನಾಡಿದ್ದರೆ ನಾನು ಬೇಗ ಬಾಯಿ ಬಿಡುತ್ತಿದ್ದೆನೋ ಏನೋ. "ಯಾಕೆ ಹೀಗೆ ಮಾಡಿಕೊಳ್ತೀಯೆ" ಎಂದು ಎಲ್ಲರೂ ಕೇಳಿದರು; "ಇದರಿಂದ ನಿನಗೇನು ಸಿಗುತ್ತಿದೆ" ಎಂದು ಯಾರೂ ಕೇಳಲಿಲ್ಲ. ಕೆಲವು ತಿಂಗಳಲ್ಲಿ ಆ ಹಗುರತೆ ಹೋಯಿತು, ಅಪ್ಪ ಹೋದಾಗ ಇದ್ದದ್ದಕ್ಕಿಂತ ದಟ್ಟವಾದ ಕತ್ತಲೆ ಬಂತು. ಆ ಕತ್ತಲೆಗೆ ನನಗೆ ಗೊತ್ತಿದ್ದ ಮದ್ದು ಒಂದೇ, ಇನ್ನಷ್ಟು ಕಡಿಮೆ ತಿನ್ನುವುದು.

ಆಮೇಲೆ ರಾತ್ರಿ ತಿನ್ನುವುದು ಶುರುವಾಯಿತು. ಇಡೀ ದಿನ ಬರಿಹೊಟ್ಟೆಯಲ್ಲಿದ್ದ ದೇಹ ಒಂದು ಹೊತ್ತಿನಲ್ಲಿ ಕೈಮೀರುತ್ತದೆ. ತಿನ್ನುವಷ್ಟು ಹೊತ್ತು ಮನಸ್ಸಿನ ಸದ್ದು ನಿಲ್ಲುತ್ತದೆ, ಆಮೇಲೆ ನಾಚಿಕೆ, ಆಮೇಲೆ ವಾಂತಿ, ಅದಾದ ಮೇಲೆ ತನ್ನ ಮೇಲೆಯೇ ಹೇಸಿಗೆ, ಮರುದಿನ ಅದಕ್ಕೆ ಪ್ರಾಯಶ್ಚಿತ್ತವೆಂಬಂತೆ ಮತ್ತೆ ಉಪವಾಸ. ನಮ್ಮ ಮನೆಯಲ್ಲಿ ಏಕಾದಶಿ, ಸಂಕಷ್ಟಿ, ಗುರುವಾರ ಎಲ್ಲ ಉಂಟು. ನಾನು ಒಂದೊಂದಾಗಿ ಎಲ್ಲ ವ್ರತಗಳನ್ನೂ ಹಿಡಿದೆ, ಅಜ್ಜಿಗೆ ಸಂತೋಷವಾಯಿತು. ಅಜ್ಜಿ ದ್ವಾದಶಿಯ ಬೆಳಿಗ್ಗೆ ಪಾರಣೆ ಮಾಡಿ ತೃಪ್ತಿಯಾಗಿ ಊಟ ಮಾಡುತ್ತಿದ್ದರು. ನಾನು ಪಾರಣೆಯನ್ನು ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಿದ್ದೆ. ವ್ರತಕ್ಕೂ ಕಾಯಿಲೆಗೂ ಇರುವ ವ್ಯತ್ಯಾಸ ಅಲ್ಲಿ ಕಾಣುತ್ತಿತ್ತು, ನೋಡುವವರಿರಲಿಲ್ಲ ಅಷ್ಟೆ.

ಒಂದು ಆಸ್ಪತ್ರೆಯಲ್ಲಿ ಮೂರು ವರ್ಷ ಖಿನ್ನತೆಗೆಂದು ಮಾತ್ರೆ ತೆಗೆದುಕೊಂಡೆ. ನಿದ್ದೆ ಬರುತ್ತದೆಯೇ, ಅಳು ಬರುತ್ತದೆಯೇ ಎಂದು ಪ್ರತಿಸಲ ಕೇಳುತ್ತಿದ್ದರು. ನಿನ್ನೆ ಏನು ಊಟ ಮಾಡಿದೆ ಎಂದು ಒಮ್ಮೆಯೂ ಕೇಳಲಿಲ್ಲ, ನಾನಾಗಿ ಹೇಳಲಿಲ್ಲ. ನನಗೆ ದಪ್ಪಗಾಗುವ ಭಯವಿದೆಯೇ ಎಂದು ಕೇಳಿದ್ದರೂ ಇಲ್ಲವೆಂದೇ ಹೇಳುತ್ತಿದ್ದೆ, ಅದು ಸುಳ್ಳೂ ಆಗಿರಲಿಲ್ಲ. ಊಟ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಎದೆ ಭಾರವಾಗುತ್ತದೆ ಎಂಬುದಷ್ಟೇ ನನ್ನ ದೂರಾಗಿತ್ತು. ದಪ್ಪಗಾಗುವ ಭಯವನ್ನು ಹೇಳಿಕೊಳ್ಳದೆ ಹೊಟ್ಟೆ ಉಬ್ಬರದ ಕಾರಣ ಕೊಟ್ಟು ಊಟ ಬಿಡುವ ಇಂಥ ಅನೊರೆಕ್ಸಿಯಾವನ್ನು 1990ರ ದಶಕದಲ್ಲಿಯೇ ಹಾಂಗ್‌ಕಾಂಗಿನ ಮನೋವೈದ್ಯರು ವಿವರಿಸಿದ್ದರೆಂದು ನನಗೆ ಆಮೇಲೆ ತಿಳಿಯಿತು. ನಮ್ಮ ದೇಶದ ಹೆಣ್ಣುಮಕ್ಕಳಲ್ಲೂ ಅದು ಉಂಟು. ಗ್ಯಾಸ್ಟ್ರಿಕ್ ಎಂದು ವರ್ಷಗಟ್ಟಲೆ ಮಾತ್ರೆ ನುಂಗುವವರಲ್ಲಿ ಅಂಥವರು ಎಷ್ಟು ಮಂದಿಯೋ.

ಕೊನೆಗೆ ನನ್ನನ್ನು ನೋಡಿದ ಇನ್ನೊಬ್ಬ ವೈದ್ಯೆ ಎರಡನ್ನೂ ಒಟ್ಟಿಗೆ ಹಿಡಿದರು. ಊಟ ಸರಿಯಾಗಿ ಸುಮಾರು ಎಂಟು ತಿಂಗಳಾದ ಮೇಲೆ ಮನಸ್ಸಿನ ಮಂಜು ಬಹುಪಾಲು ಸರಿಯಿತು. ಎಲ್ಲವೂ ಹೋಗಲಿಲ್ಲ. ಉಳಿದದ್ದು ಅಪ್ಪನ ಸಾವಿನ ದುಃಖ ಮತ್ತು ಹದಿನೇಳರ ಆ ಹಳೆಯ ಖಿನ್ನತೆ. ಅದಕ್ಕೆ ಮತ್ತೆ ಒಂದೂವರೆ ವರ್ಷ ಚಿಕಿತ್ಸೆ ನಡೆಯಿತು, ಆಗ ಅದೇ ಹಳೆಯ ಮಾತ್ರೆಯೇ ಕೆಲಸ ಮಾಡಿತು. ಅಕ್ಕ, ಆ ಮೊದಲ ತಿಂಗಳುಗಳಲ್ಲಿ ಊಟ ಹೆಚ್ಚಿದಂತೆ ಅವಳ ಅಳು, ಸಿಟ್ಟು ಹೆಚ್ಚಬಹುದು. ನನ್ನ ಅಮ್ಮ ಅದನ್ನು ನೋಡಿ ಹೆದರಿ, ಚಿಕಿತ್ಸೆಯಿಂದಲೇ ಹೀಗಾಯಿತೆಂದು ನಿಲ್ಲಿಸಲು ಹೊರಟಿದ್ದರು.

ಬರ್ಮಿಂಗ್‌ಹ್ಯಾಮ್ ಕನ್ನಡತಿ

ನಮಸ್ಕಾರ. ನಾನು ಹಾಸನದವಳು, ಇಂಗ್ಲೆಂಡಿನಲ್ಲಿ ಮಾನಸಿಕ ಆರೋಗ್ಯ ವಿಭಾಗದಲ್ಲಿ ನರ್ಸ್ ಆಗಿದ್ದೇನೆ. ಬೈಪೋಲಾರ್ ಬಗ್ಗೆ ನೀವು ಕೇಳಿದ್ದಕ್ಕೆ ನನಗೆ ತಿಳಿದಷ್ಟು ಬರೆಯುತ್ತೇನೆ.

ಸೋದರಮಾವನಿಗೆ ಬೈಪೋಲಾರ್ ಇದ್ದರೆ ಸೊಸೆಗೆ ಬರುವ ಸಾಧ್ಯತೆ ಉಳಿದವರಿಗಿಂತ ಸ್ವಲ್ಪ ಹೆಚ್ಚುವುದು ನಿಜ. ಆದರೆ ಅಂಥ ಮನೆತನದ ಬಹುಪಾಲು ಮಕ್ಕಳಿಗೆ ಅದು ಬರುವುದೇ ಇಲ್ಲ. ಮನೆತನದಿಂದ ಬರುವುದು ಒಂದು ನಿಗದಿತ ಕಾಯಿಲೆಗಿಂತ ಹೆಚ್ಚಾಗಿ ಒಂದು ಒಲವು. ಸುಮಾರು 17,000 ಅನೊರೆಕ್ಸಿಯಾ ರೋಗಿಗಳ ವಂಶವಾಹಿಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆ, ಆತಂಕ ಮತ್ತು ಗೀಳು ರೋಗದೊಡನೆ ಹಂಚಿಕೊಂಡ ಅಂಶಗಳೂ ಕಂಡುಬಂದವು, ದೇಹದ ಚಯಾಪಚಯಕ್ಕೆ ಸಂಬಂಧಿಸಿದ ಅಂಶಗಳೂ ಕಂಡುಬಂದವು. ಎಂದರೆ ಇದು ಅರ್ಧ ಮನಸ್ಸಿನ, ಅರ್ಧ ಮೈಯ ಕಾಯಿಲೆ. ನಿಮ್ಮ ಅತ್ತೆಯವರಿಗೆ ಇದನ್ನು ಹೇಳಬಹುದು: ಹಟಕ್ಕೆ ವಂಶವಾಹಿಗಳಲ್ಲಿ ಇಂಥ ಗುರುತು ಇರುವುದಿಲ್ಲ.

ಆದರೂ ಬೈಪೋಲಾರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲೇಬೇಕು. ಮೇಲಿನ ಸಹೋದರಿ ಬರೆದ ಆ ಆರಂಭದ ಹುಮ್ಮಸ್ಸು, ನಿದ್ದೆ ಬೇಡವೆನ್ನುವ ಚುರುಕು, ಹಸಿವಿನಿಂದಲೂ ಬರುತ್ತದೆ, ಲಘು ಉನ್ಮಾದದಲ್ಲೂ ಬರುತ್ತದೆ. ಉನ್ಮಾದದಲ್ಲಿ ಮಾತು, ಖರ್ಚು, ಯೋಜನೆಗಳು ಎಲ್ಲ ಒಟ್ಟಿಗೆ ಉಕ್ಕುತ್ತವೆ, ಊಟ ಮರೆತುಹೋಗುತ್ತದೆ. ಅನೊರೆಕ್ಸಿಯಾದಲ್ಲಿ ಊಟ ಒಂದು ಕ್ಷಣವೂ ಮರೆಯುವುದಿಲ್ಲ. ಯಾವ ತಿಂಗಳು ಹೇಗಿದ್ದಳೆಂದು ಒಂದು ಪುಸ್ತಕದಲ್ಲಿ ನೆನಪಿನಿಂದ ಬರೆದಿಟ್ಟುಕೊಂಡು ವೈದ್ಯರಿಗೆ ಕೊಡಿ. ಐದು ನಿಮಿಷದ ಭೇಟಿಯಲ್ಲಿ ಬಾಯಿಮಾತಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮಾವನಿಗೆ ಲಿಥಿಯಂ ಒಗ್ಗಿದೆಯಲ್ಲ, ಇವಳಿಗೂ ಅದನ್ನೇ ಕೊಡಿಸೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಎಚ್ಚರವಿರಲಿ. ಲಿಥಿಯಂ ಮೂತ್ರಪಿಂಡದ ಮೂಲಕ ಹೊರಹೋಗುವ ಔಷಧ. ವಾಂತಿಯಾಗಿ ನೀರು, ಉಪ್ಪಿನಂಶ ಕಡಿಮೆಯಾದರೆ ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗಬಹುದು. ಇದಕ್ಕೆ ತಿರುಗುಮುರುಗಾದ ತೊಂದರೆಯೂ ಉಂಟು. ಬೈಪೋಲಾರ್‌ಗೆ ಕೊಡುವ ಓಲಾಂಜಪಿನ್, ಕ್ವಟಿಯಾಪಿನ್, ವಾಲ್ಪ್ರೊಯೇಟ್ ಮುಂತಾದವು ತೂಕ ಹೆಚ್ಚಿಸುತ್ತವೆ, ಕೆಲವು ಹಸಿವನ್ನು ಕೆರಳಿಸುತ್ತವೆ. ಬೈಪೋಲಾರ್ ಇರುವವರಲ್ಲಿ ಮಿತಿಮೀರಿ ತಿನ್ನುವ ತೊಂದರೆ ಮೊದಲೇ ಹೆಚ್ಚು. ಮಾತ್ರೆಯಿಂದ ಅದು ಇನ್ನೂ ಹೆಚ್ಚಿದಾಗ ಹುಡುಗಿಯರು ಯಾರಿಗೂ ಹೇಳದೆ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ, ಎರಡು ವಾರದಲ್ಲಿ ವಾರ್ಡಿಗೆ ಮರಳುತ್ತಾರೆ. ನನ್ನ ಕೆಲಸದಲ್ಲಿ ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮಾತ್ರೆಯಿಂದ ತೂಕ ಹೆಚ್ಚಬಹುದೆಂಬ ವಿಷಯವನ್ನು ಅವಳಿಂದ ಮುಚ್ಚಿಡದೆ ಮೊದಲೇ ಹೇಳಿ ಒಪ್ಪಿಸುವ ವೈದ್ಯರು ಸಿಕ್ಕರೆ ಅವರನ್ನು ಬಿಡಬೇಡಿ.

ಇಲ್ಲಿ ನಾವು ಅನುಸರಿಸುವ 2017ರ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಅನೊರೆಕ್ಸಿಯಾಕ್ಕಾಗಲಿ ಬುಲೀಮಿಯಾಕ್ಕಾಗಲಿ ಬರಿಯ ಮಾತ್ರೆಯನ್ನೇ ಚಿಕಿತ್ಸೆಯೆಂದು ಕೊಡಕೂಡದು ಎಂದು ಸ್ಪಷ್ಟವಾಗಿದೆ. ಹರೆಯದ ಮಕ್ಕಳಿಗೆ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡ, ತಂದೆತಾಯಿಯರೇ ಊಟದ ಹೊಣೆ ಹೊರುವ ಪದ್ಧತಿಯನ್ನು ಬಳಸುತ್ತಾರೆ. ನಿಮ್ಮ ಮಗಳು ವಯಸ್ಕಳು, ಅವಳ ಒಪ್ಪಿಗೆ ಬೇಕು. ಆದರೆ ನಮ್ಮ ಮನೆಗಳಲ್ಲಿ 19ರ ಮಗಳ ಎದುರು ಅಮ್ಮ ತಟ್ಟೆ ಇಟ್ಟುಕೊಂಡು ಕುಳಿತುಕೊಳ್ಳುವುದು ಅಸಹಜವೇನಲ್ಲ, ಆ ಅನುಕೂಲವನ್ನು ಉಪಯೋಗಿಸಿಕೊಳ್ಳಿ.

ಹುಬ್ಬಳ್ಳಿಯ ತಂದೆ

ಇದು ಹುಡುಗಿಯರ ಕಾಯಿಲೆಯೆಂದು ಓದುವವರು ಭಾವಿಸಬಾರದೆಂದು ಬರೆಯುತ್ತಿದ್ದೇನೆ. ನನ್ನ ಮಗ ಜಿಮ್‌ಗೆ ಸೇರಿ, ಪ್ರೋಟೀನ್ ಪುಡಿ ಬಿಟ್ಟರೆ ಬೇರೇನೂ ಮುಟ್ಟದಂತಾಗಿ, ಕೊನೆಗೆ ಕಾಲೇಜಿಗೆ ಹೋಗುವುದನ್ನೇ ನಿಲ್ಲಿಸಿದಾಗ, ಗಂಡುಹುಡುಗ, ಮೈ ಬೆಳೆಸುತ್ತಿದ್ದಾನೆ ಎಂದುಕೊಂಡು ಒಂದು ವರ್ಷ ಕಳೆದೆವು. ಖಿನ್ನತೆಯನ್ನು ಎಲ್ಲರೂ ಗುರುತಿಸಿದರು, ಊಟವನ್ನು ಯಾರೂ ಗುರುತಿಸಲಿಲ್ಲ. ವೈದ್ಯರಲ್ಲಿ ಒಂದು ಪ್ರಶ್ನೆ: ಬಹಳ ದಿನ ಸರಿಯಾಗಿ ಊಟ ಮಾಡದಿದ್ದವರಿಗೆ ಮನೆಯಲ್ಲಿ ಒಮ್ಮೆಲೇ ಚೆನ್ನಾಗಿ ಉಣ್ಣಿಸಬಹುದೇ? ನಮಗೆ ಬೇಡವೆಂದು ಹೇಳಿದ್ದರು, ಕಾರಣ ತಿಳಿಸಿರಲಿಲ್ಲ.

ನಿವೃತ್ತ ಮನೋವೈದ್ಯ

ಒಳ್ಳೆಯ ಪ್ರಶ್ನೆ, ನಾನೇ ಮೊದಲು ಬರೆಯಬೇಕಿತ್ತು. ತೂಕ ತೀರ ಇಳಿದಿದ್ದರೆ, ಅಥವಾ ಹಲವು ದಿನ ಹೆಚ್ಚುಕಡಿಮೆ ಏನೂ ತಿನ್ನದೆ ಇದ್ದಿದ್ದರೆ, ಒಮ್ಮೆಲೇ ಹೆಚ್ಚು ಉಣ್ಣಿಸಬಾರದು. ಆಹಾರ ಸಿಕ್ಕಿದೊಡನೆ ದೇಹದಲ್ಲಿ ಇನ್ಸುಲಿನ್ ಏರಿ, ರಕ್ತದಲ್ಲಿ ಉಳಿದಿರುವ ಅಲ್ಪ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಜೀವಕೋಶಗಳು ಎಳೆದುಕೊಳ್ಳುತ್ತವೆ. ರಕ್ತದಲ್ಲಿ ಅವು ಕುಸಿದರೆ ಹೃದಯಕ್ಕೂ ಉಸಿರಾಟಕ್ಕೂ ಅಪಾಯ. ಬಿ1 ಜೀವಸತ್ವವಾದ ಥಯಾಮಿನ್ ಕೊಟ್ಟು, ರಕ್ತಪರೀಕ್ಷೆ ನೋಡುತ್ತ, ಹಂತ ಹಂತವಾಗಿ ಊಟ ಹೆಚ್ಚಿಸುವುದು ಆ ಕಾರಣಕ್ಕೆ. ಅಂಥ ಸ್ಥಿತಿಯಲ್ಲಿ ಮೊದಲ ವಾರಗಳು ಆಸ್ಪತ್ರೆಯಲ್ಲಿಯೇ ಕಳೆಯುವುದು ಕ್ಷೇಮ.

ಬಸವನಗುಡಿಯ ಸಹೋದರಿ ಬರೆದ ಒಂದು ವಾಕ್ಯವನ್ನು ನಾನು ಇನ್ನೂ ಪಾಠ ಹೇಳುತ್ತಿದ್ದರೆ ವಿದ್ಯಾರ್ಥಿಗಳಿಗೆ ಓದಿ ಹೇಳುತ್ತಿದ್ದೆ. ಹಸಿದಿದ್ದಾಗ ಕೆಲಸ ಮಾಡದ ಮಾತ್ರೆಯೇ ಊಟ ಸರಿಯಾದ ಮೇಲೆ ಅವರಿಗೆ ಕೆಲಸ ಮಾಡಿತು. ಎಲ್ಲರಿಗೂ ಹಾಗೆಯೇ ಆಗುತ್ತದೆಂಬ ಭರವಸೆ ಕೊಡಲಾರೆ. ತೂಕ ಮರಳಿದ ಮೇಲೆ ಫ್ಲುಓಕ್ಸೆಟಿನ್ ಕೊಟ್ಟು ಅನೊರೆಕ್ಸಿಯಾ ಮರುಕಳಿಸದಂತೆ ತಡೆಯಬಹುದೇ ಎಂದು ಪರೀಕ್ಷಿಸಿದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಪ್ರಯೋಜನ ಕಾಣಲಿಲ್ಲ. ಅವರ ವಿಷಯದಲ್ಲಿ ಅದು ಹಳೆಯ ಖಿನ್ನತೆಗೆ ಕೊಟ್ಟ ಔಷಧ, ಖಿನ್ನತೆಯ ಮೇಲೆ ಕೆಲಸ ಮಾಡಿತು.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ನೀವು ಬರೆದದ್ದನ್ನು ನಮ್ಮವರಿಗೂ ಓದಿ ಹೇಳಿದೆ.

ವೈದ್ಯರಿಗೆ ಮರುದಿನವೇ ಫೋನ್ ಮಾಡಿ ವಾಂತಿಯ ವಿಷಯ, ತಮ್ಮನ ವಿಷಯ ಎರಡನ್ನೂ ತಿಳಿಸಿದೆ. ಮಾತ್ರೆ ಬ್ಯುಪ್ರೊಪಿಯಾನ್ ಅಲ್ಲ ಎಂದು ತಿಳಿದು ಉಸಿರು ಬಂತು. ಪೊಟ್ಯಾಸಿಯಂ ಕಡಿಮೆಯಿದೆಯೆಂದು ಎರಡು ದಿನ ಇಲ್ಲಿಯ ಆಸ್ಪತ್ರೆಯಲ್ಲಿ ಇರಿಸಿಕೊಂಡರು, ಈಗ ಸರಿಯಾಗಿದೆ, ಇಸಿಜಿಯಲ್ಲಿ ತೊಂದರೆ ಕಾಣಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ಗೆ ಬರುವ ಮಂಗಳವಾರ ಹೋಗುತ್ತಿದ್ದೇವೆ. ತಿಂಗಳುವಾರು ಬರೆದಿಟ್ಟ ಪುಸ್ತಕ ಸಿದ್ಧವಾಗಿದೆ. ಅದನ್ನು ಬರೆಯುವಾಗ ಅವಳೇ ಪಕ್ಕದಲ್ಲಿ ಕುಳಿತು, "ಅಮ್ಮ, ಅದು ಸಂಕ್ರಾಂತಿಗಲ್ಲ, ದೀಪಾವಳಿಗೇ ಶುರುವಾಗಿತ್ತು" ಎಂದು ತಿದ್ದಿದಳು.

ಸಾಯುವ ಯೋಚನೆ ಬಂದಿದೆಯೇ ಎಂದು ಕೇಳಿದೆ. ಎರಡು ಸಲ ಬಂದಿತ್ತು ಎಂದಳು. ಆಮೇಲೆ ಬಹಳ ಹೊತ್ತು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಈಗ ರಾತ್ರಿ ನಾನು ಅವಳ ಕೋಣೆಯಲ್ಲಿಯೇ ಮಲಗುತ್ತಿದ್ದೇನೆ, 14416 ಸಂಖ್ಯೆಯನ್ನು ಇಬ್ಬರ ಫೋನಿನಲ್ಲೂ ಬರೆದಿಟ್ಟಿದ್ದೇವೆ. ಬಸವನಗುಡಿಯ ಸಹೋದರಿ ಹೇಳಿದ ಪ್ರಶ್ನೆಯನ್ನೂ ಕೇಳಿದೆ, ಇದರಿಂದ ನಿನಗೇನು ಸಿಗುತ್ತಿತ್ತು ಎಂದು. "ಹೇಳ್ತೀನಿ, ಈಗಲ್ಲ" ಎಂದಿದ್ದಾಳೆ.